ಕುಂಟುವ ಬೇಟೆನಾಯಿ: ಉಣ್ಣಿ, ಹುಳು ಮತ್ತು ಎಲುಬು

ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಬೇಟೆನಾಯಿ ಕುಂಟತೊಡಗಿದರೆ ಓಟದಲ್ಲಿ ಕಾಲು ಉಳುಕಿರಬೇಕು ಎಂದುಕೊಳ್ಳುವುದು ಸಹಜ. ಎಷ್ಟೋ ಸಲ ಅದು ನಿಜವೂ ಹೌದು. ಆದರೆ ಕುಂಟಿಗೆ ಪರಾವಲಂಬಿ ಜೀವಿಯೂ ಕಾರಣವಾಗಬಹುದು ಎಂಬ ತಿಳಿವಳಿಕೆ ಬೆಳೆಯಲು ಸುಮಾರು ಒಂದು ಶತಮಾನವೇ ಹಿಡಿಯಿತು. ಆ ತಿಳಿವಳಿಕೆಯ ಒಂದು ಎಳೆ ಶುರುವಾದದ್ದು ಭಾರತದಲ್ಲೇ.

1905ರಲ್ಲಿ ಸಂಶೋಧಕ ಎಸ್.ಪಿ. ಜೇಮ್ಸ್ ಇಲ್ಲಿನ ನಾಯಿಗಳ ಬಿಳಿ ರಕ್ತಕಣಗಳೊಳಗೆ ಅಡಗಿದ್ದ ಸೂಕ್ಷ್ಮಜೀವಿಯೊಂದನ್ನು ವರ್ಣಿಸಿದರು. ಅದರ ಇಂದಿನ ಹೆಸರು ಹೆಪಟೊಜೂನ್ ಕೇನಿಸ್. 1907ರಲ್ಲಿ ಕ್ರಿಸ್ಟೋಫರ್ಸ್, ಅದು ನಾಯಿಯ ಕಂದು ಉಣ್ಣಿಯೊಳಗೆ ಬೆಳೆಯುವ ಬಗೆಯನ್ನು ವಿವರಿಸಿದರು. ಈ ಸೋಂಕು ಉಣ್ಣಿಯ ಕಡಿತದಿಂದ ಬರುವುದಿಲ್ಲ. ಮೈ ಕಚ್ಚಿಕೊಳ್ಳುವಾಗ ನಾಯಿ ಉಣ್ಣಿಯನ್ನೇ ನುಂಗಿದರೆ ಬರುತ್ತದೆ. ತಾಯಿಯಿಂದ ಗರ್ಭದ ಮರಿಗೂ ದಾಟುತ್ತದೆ ಎಂದು 1993ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ಮರಿ ಮಾರಿ ಬದುಕುವ ಮುಧೋಳದ ಸಾಕಣೆದಾರರು ಗಮನಿಸಲೇಬೇಕಾದ ಮಾತಿದು.

ಹೆಪಟೊಜೂನ್ ಎಲುಬಿಗೆ ತಟ್ಟಿದ ಕಥೆ ಮಾತ್ರ ಅಮೆರಿಕದ್ದು. 1978ರಲ್ಲಿ ಟೆಕ್ಸಾಸ್‌ನ ನಾಯಿಗಳಲ್ಲಿ ಹೆಪಟೊಜೂನ್ ವರದಿಯಾಯಿತು. ಜ್ವರ, ಮೈಕೈ ನೋವು, ಕಣ್ಣಲ್ಲಿ ಪಿಸುರು, ಸ್ನಾಯು ಸೊರಗುವುದು, ಉದ್ದನೆಯ ಎಲುಬುಗಳ ಮೇಲೆ ಹೊಸ ಎಲುಬು ಬೆಳೆಯುವುದು: ಇಷ್ಟು ಉಗ್ರ ರೂಪ ನಮ್ಮ ಕಡೆಯ ಸೌಮ್ಯ ಸೋಂಕಿಗೆ ಹೊಂದುತ್ತಿರಲಿಲ್ಲ. ಆದರೂ ಎರಡೂ ಒಂದೇ ಎಂದು ಬಹುಕಾಲ ನಂಬಲಾಗಿತ್ತು. 1997ರಲ್ಲಿ ಅಮೆರಿಕದ ಜೀವಿಗೆ ಹೆಪಟೊಜೂನ್ ಅಮೆರಿಕಾನಮ್ ಎಂಬ ಪ್ರತ್ಯೇಕ ಹೆಸರು ಬಂತು. ಅದನ್ನು ಹರಡುವ ಉಣ್ಣಿ ಅಮೆರಿಕ ಖಂಡದ್ದೇ. ಆ ರೋಗವನ್ನು ನಮ್ಮ ಸೀಮೆಯಲ್ಲಿ ಹುಡುಕುವುದು ವ್ಯರ್ಥ ಎಂಬುದು ನನ್ನ ಅಭಿಪ್ರಾಯ.

ಎಲುಬಿನವರೆಗೂ ಪರಿಣಾಮ ಬೀರುವವುಗಳಲ್ಲಿ ನಮಗೆ ಹತ್ತಿರದ್ದು ಸ್ಪೈರೊಸರ್ಕ ಲೂಪಿ ಎಂಬ ಹುಳು. ಭಾರತದ ನಾಯಿಗಳಲ್ಲಿ ಇದು ಇದೆ. ಸಗಣಿ ತಿನ್ನುವ ದುಂಬಿಯಲ್ಲಿ, ಆ ದುಂಬಿಯನ್ನು ತಿಂದ ಹಲ್ಲಿ, ಇಲಿ, ಕೋಳಿಗಳಲ್ಲಿ ಇದರ ಮರಿಹುಳು ಇರುತ್ತದೆ. ತಿಪ್ಪೆಯ ಸುತ್ತ, ಕುರಿಹಟ್ಟಿಯ ಬಳಿ ಓಡಾಡುವ ನಾಯಿಗೆ ಇವು ಸುಲಭದ ತುತ್ತು. ಮರಿಹುಳು ಮಹಾಧಮನಿಯ ಗೋಡೆಯಲ್ಲಿ ಬಲಿತು ಅನ್ನನಾಳಕ್ಕೆ ಸೇರಿ ಗಂಟು ಕಟ್ಟುತ್ತದೆ. ಕೆಲವು ಗಂಟುಗಳು ಕ್ಯಾನ್ಸರ್ ಆಗುತ್ತವೆ ಎಂಬುದು 1950ರ ದಶಕದಲ್ಲಿ ಅಲಬಾಮಾದ ಅಧ್ಯಯನಗಳಿಂದ ಸ್ಪಷ್ಟವಾಯಿತು. ಎದೆಯೊಳಗಿನ ಆ ಗಡ್ಡೆಯ ಪರಿಣಾಮ ಕಾಲಿನಲ್ಲಿ ಕಾಣಿಸಬಹುದು: ಎಲುಬಿನ ಮೇಲೆ ಹೊಸ ಎಲುಬು ಬೆಳೆದು ಕಾಲು ದಪ್ಪವಾಗಿ, ನಾಯಿ ಕುಂಟುತ್ತದೆ. ಕಾಲಿಗೆ ಎಣ್ಣೆ ತಿಕ್ಕುತ್ತ ಕೂತರೆ ಮೂಲ ರೋಗ ಎದೆಯಲ್ಲೇ ಬಲಿಯುತ್ತದೆ.

ಹೆಪಟೊಜೂನ್ ಕೇನಿಸ್ ಹೆಚ್ಚಾಗಿ ರಕ್ತದ ಲೇಪನದಲ್ಲೇ ಕಾಣುತ್ತದೆ. ಅದಕ್ಕೆ ಇಮಿಡೋಕಾರ್ಬ್ ಚುಚ್ಚುಮದ್ದು ಇದೆ. ಸ್ಪೈರೊಸರ್ಕಕ್ಕೆ ಮಲಪರೀಕ್ಷೆ, ಎದೆಯ ಎಕ್ಸ್‌ರೇ, ಎಂಡೋಸ್ಕೋಪಿ ಬೇಕು. ಗಂಟು ಕ್ಯಾನ್ಸರ್ ಆಗುವ ಮೊದಲೇ ಹಿಡಿದರೆ ಔಷಧಿ ಕೆಲಸ ಮಾಡುತ್ತದೆ.

ಮುಧೋಳದ ತಿಮ್ಮಾಪುರದಲ್ಲಿ ಮುಧೋಳ ಬೇಟೆನಾಯಿ ತಳಿಗೆಂದೇ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ನಾಯಿ ಸಾಕಿದವರಲ್ಲಿ ನನ್ನ ವಿನಂತಿ ಇಷ್ಟೇ: ಪೆಟ್ಟಿಲ್ಲದೆ ಬಂದ ಕುಂಟು ವಾರ ಕಳೆದರೂ ಹೋಗದಿದ್ದರೆ ಪಶುವೈದ್ಯರಿಗೆ ತೋರಿಸಿ, ರಕ್ತ ಮತ್ತು ಎದೆ ಎರಡನ್ನೂ ಪರೀಕ್ಷಿಸಲು ಕೇಳಿ. ನಾಯಿಯ ಮೈಯಲ್ಲಷ್ಟೇ ಅಲ್ಲ, ಅದು ಮಲಗುವ ಗೋಡೆಯ ಬಿರುಕುಗಳಲ್ಲೂ ಉಣ್ಣಿ ಹುಡುಕಿ ತೆಗೆಯಿರಿ.