ಡಬ್ಬಕ್ಕೆ ತೂತು ಕೊರೆದವರ ಕಥೆ

ಇವತ್ತು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದರೆ ಗಾಜಿನ ಕ್ಯಾಬಿನೆಟ್ಟುಗಳು ಗಣೇಶನ ಪೆಂಡಾಲಿನ ಹಾಗೆ ಮಿನುಗುತ್ತಿರುತ್ತವೆ. "ಎಲ್ಲಾ ಬರೀ ಶೋಕಿ" ಅಂತ ಮೂಗು ಮುರಿಯೋರೂ ಇದ್ದಾರೆ. ಆದರೆ ಇದರ ಮೂಲ ಶೋಕಿ ಅಲ್ಲ ಸ್ವಾಮಿ, ಶಾಖ!

1981ರಲ್ಲಿ ಐಬಿಎಂ ಪಿಸಿ ಬಂದಮೇಲೆ ಸುಮಾರು ಎರಡು ದಶಕ ಪಿಸಿ ಅಂದ್ರೆ ಮಾಸಲು ಬಿಳಿ ಬಣ್ಣದ ತಗಡಿನ ಡಬ್ಬ. 1998ರಲ್ಲಿ ಇಂಟೆಲ್ ಕಂಪನಿ ಸೆಲೆರಾನ್ 300ಎ ಅನ್ನೋ ಅಗ್ಗದ ಚಿಪ್ ಬಿಟ್ಟಿತು. ಅದರ ಬಸ್ಸಿನ ವೇಗ (ಬಿಎಂಟಿಸಿ ಬಸ್ ಅಲ್ಲ :-) ) 66 ಮೆಗಾಹರ್ಟ್ಸ್, ಅದರ ನಾಲ್ಕೂವರೆ ಪಟ್ಟು 300. ಮದರ್‌ಬೋರ್ಡಿನಲ್ಲಿ ಬಸ್ಸನ್ನೇ 100ಕ್ಕೆ ಏರಿಸಿದರೆ? 450! ದುಬಾರಿ ಚಿಪ್ಪಿನ ವೇಗ, ಅಗ್ಗದ ಬೆಲೆಗೆ.

ಆದರೆ ವೇಗ ಹೆಚ್ಚಿಸಿದರೆ ಬಿಸಿಯೂ ಹೆಚ್ಚುತ್ತೆ. ಮುಂದಿನ ಚಿಪ್ಪುಗಳಂತೂ ಇನ್ನೂ ಬಿಸಿ, 2001ರ 1.4 ಗಿಗಾಹರ್ಟ್ಸ್ ಅಥ್ಲಾನ್ ಸುಮಾರು 72 ವಾಟ್ ಶಾಖ ಉಗುಳುತ್ತಿತ್ತು. ಬಿಸಿಗಾಳಿ ಮೇಲಕ್ಕೇರುತ್ತೆ, ಡಬ್ಬದ ನೆತ್ತಿಯಲ್ಲಿ ದಾರಿಯಿಲ್ಲ. ಅಮೆರಿಕ, ಯುರೋಪಿನ ಹುಡುಗರು ಗರಗಸ ತಗೊಂಡು ನೆತ್ತಿಗೆ ತೂತು ಕೊರೆದು ಫ್ಯಾನ್ ಕೂರಿಸಿದರು. ಒಮ್ಮೆ ತಗಡು ಕೊಯ್ಯೋ ಧೈರ್ಯ ಬಂತು ನೋಡಿ, ಆಮೇಲೆ ಯಾರು ತಡೀತಾರೆ?

ಪಕ್ಕದ ತಗಡು ಕೊಯ್ದು ಅಕ್ರಿಲಿಕ್ ಕಿಟಕಿ ಇಟ್ಟರು. ಒಳಗೆ ಕತ್ತಲು, ಎಲ್‌ಸಿಡಿ ಪರದೆಗಳ ಹಿಂದೆ ಉರೀತಿದ್ದ ಕೋಲ್ಡ್ ಕ್ಯಾಥೋಡ್ ದೀಪಗಳನ್ನೇ ತಂದು ಹಚ್ಚಿದರು. ತಗಡನ್ನು ಉಜ್ಜಿ, ಕಾರಿಗೆ ಹೊಡೆಯೋ ಸ್ಪ್ರೇ ಬಣ್ಣ ಪದರ ಪದರವಾಗಿ ಹೊಡೆದರು. ಸಿಡಿ ಡ್ರೈವ್ ಕೂರೋ ಜಾಗದಲ್ಲಿ ಎರಡು ಸಾಲಿನ ಪುಟ್ಟ ಎಲ್‌ಸಿಡಿ ಇಟ್ಟು, ಪ್ರಿಂಟರ್ ಪೋರ್ಟಿಗೆ ತಂತಿ ಬೆಸೆದು, ಚಿಪ್ಪಿನ ತಾಪಮಾನ, ವಿನ್‌ಆಂಪ್‌ನಲ್ಲಿ ಓಡ್ತಿದ್ದ ಹಾಡಿನ ಹೆಸರು ತೋರಿಸಿದರು. 1996ರಲ್ಲಿ ಟೆಕ್ಸಾಸ್‌ನಲ್ಲಿ ಶುರುವಾದ ಕ್ವೇಕ್‌ಕಾನ್‌ನಂಥ ಆಟದ ಜಾತ್ರೆಗಳಿಗೆ ಎಲ್ಲರೂ ತಮ್ಮ ತಮ್ಮ ಪಿಸಿ ಹೊತ್ತು ಬರ್ತಿದ್ದರು. ಸಾಲುಸಾಲು ಡಬ್ಬಗಳ ನಡುವೆ ನನ್ನದು ಬೇರೆ ಕಾಣಬೇಡವೇ?

ಇದನ್ನು ಮಾರುಕಟ್ಟೆ ಗಮನಿಸದೇ ಇರುತ್ತಾ? ಕಿಟಕಿ ಇರೋ ಕ್ಯಾಬಿನೆಟ್ಟುಗಳೇ ಅಂಗಡಿಗೆ ಬಂದವು. ಕ್ಯಾಥೋಡ್ ಹೋಗಿ, ಪ್ರೋಗ್ರಾಂ ಹೇಳಿದ ಬಣ್ಣಕ್ಕೆ ತಿರುಗೋ ಎಲ್‌ಇಡಿ ಬಂತು. 2020ರಲ್ಲಿ ಎನ್‌ಝಡ್‌ಎಕ್ಸ್‌ಟಿ ಕಂಪನಿ ಚಿಪ್ಪಿನ ಮೇಲೆ ಕೂರೋ ಕೂಲರಿಗೇ 2.36 ಇಂಚಿನ ಪರದೆ ಅಂಟಿಸಿ ಮಾರಿತು. ಗರಗಸ ಬೇಡ, ಬೆಸುಗೆ ಬೇಡ, ಕಾರ್ಡ್ ಉಜ್ಜಿದರೆ ಸಾಕು.

ತಮಾಷೆ ಇರೋದು ಇಲ್ಲೇ. ದೀಪ ಚೆನ್ನಾಗಿ ಕಾಣಲಿ ಅಂತ ಎಷ್ಟೋ ಕ್ಯಾಬಿನೆಟ್ಟುಗಳ ಮುಂಭಾಗಕ್ಕೂ ಗಾಜು ಮುಚ್ಚಿದರು. ಗಾಳಿ ಒಳಗೆ ಹೋಗೋಕೆ ಸಂದಿಯಷ್ಟೇ ಜಾಗ. ಒಳಗೆ ಮತ್ತೆ ಸೆಕೆ! ಕೊನೆಗೆ ಜಾಲರಿ ಮುಖದ ಕ್ಯಾಬಿನೆಟ್ಟುಗಳಿಗೆ ಮತ್ತೆ ಬೇಡಿಕೆ ಬಂತು. ಗಾಳಿಗಾಗಿ ಕೊರೆದ ತೂತು ಅಲಂಕಾರವಾಯ್ತು, ಅಲಂಕಾರ ಗಾಳಿಯನ್ನೇ ಕಟ್ಟಿಹಾಕಿತು.

ಅವತ್ತು ತೂತು ಕೊರೆದವನಿಗೆ ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತೆ ಅಂತ ಗೊತ್ತಿತ್ತು, ಗೊತ್ತಿರಲೇಬೇಕಿತ್ತು. ಇವತ್ತು ಡಬ್ಬ ಪೂರ್ತಿ ಗಾಜು, ಎಲ್ಲವೂ ಕಾಣುತ್ತೆ. ಆದರೆ ಒಳಗೆ ಕೈ ಹಾಕೋರು ಎಷ್ಟು ಜನ?

ನೀವೇನಂತೀರಿ?