ಆಸ್ಪತ್ರೆಗೆ ಬಾರದವರ ಲೆಕ್ಕ



ಶಿವಮೊಗ್ಗ ನಗರದಿಂದ ಉತ್ತರಾಭಿಮುಖವಾಗಿ ಹೊರಡುವ ಸವಳಂಗ ರಸ್ತೆಯನ್ನು ತಮ್ಮಲ್ಲಿ ಅನೇಕರು ಬಲ್ಲಿರಿ. ಊರೊಳಗೆ ನರ್ಸಿಂಗ್ ಹೋಮುಗಳು, ಔಷಧದ ಅಂಗಡಿಗಳು, ರಕ್ತಪರೀಕ್ಷೆಯ ಪ್ರಯೋಗಾಲಯಗಳು. ಊರು ದಾಟಿದರೆ ಮೆಕ್ಕೆಜೋಳದ ಹೊಲ, ಅಡಕೆಯ ತೋಟ. ಬೆಳಗಿನ ಬಸ್ಸುಗಳಿಂದ ಇಳಿಯುವವರಲ್ಲಿ ಹಲವರ ಕೈಯಲ್ಲಿ ಹಳೆಯ ಚೀಟಿಗಳನ್ನು ತುಂಬಿದ ಒಂದು ಚೀಲವಿರುತ್ತದೆ. ಇವರು ಡಾಕ್ಟರರನ್ನು ಕಾಣಲು ಬಂದವರೆಂದು ಯಾರೂ ಹೇಳಬೇಕಾದುದಿಲ್ಲ.

ಈ ರಸ್ತೆಗೆ ಹೆಸರು ಕೊಟ್ಟ ಸವಳಂಗವು ಈಗ ಶಿವಮೊಗ್ಗ ಜಿಲ್ಲೆಗೆ ಸೇರಿದುದಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆ ಏರ್ಪಟ್ಟಾಗ ಹೊನ್ನಾಳಿ ಸೀಮೆಯು ಅತ್ತ ಹೋಯಿತು. ಕಾಗದದ ಮೇಲಿನ ಗಡಿ ಬದಲಾಯಿತೇ ಹೊರತು ಕಾಯಿಲೆಯವರ ದಾರಿ ಬದಲಾಗಲಿಲ್ಲ. ಜ್ವರ ಬಂದರೆ ಶಿವಮೊಗ್ಗ, ಹೆರಿಗೆ ಕಷ್ಟವಾದರೆ ಶಿವಮೊಗ್ಗ. 2020ರಲ್ಲಿ ಆ ಕಾಗದದ ಗೆರೆಯು ರಸ್ತೆಯ ಮೇಲೆ ಬಂದು ನಿಂತಿತು.

ಮಹಾಮಾರಿಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಆಸ್ಪತ್ರೆಗೆ ಬಂದವರನ್ನು ಎಣಿಸುತ್ತಾರೆ. ಬಾರದೆ ಉಳಿದವರನ್ನು ಎಣಿಸುವ ಪುಸ್ತಕ ಯಾವ ಆಸ್ಪತ್ರೆಯಲ್ಲಿಯೂ ಇಲ್ಲ. ನನ್ನ ವಿಷಯ ಅವರದು.

ಪ್ಲೇಗಿನ ಕಾಲದಿಂದಲೇ ತೊಡಗಬೇಕು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಆ ರೋಗವು ರೈಲುದಾರಿಯನ್ನು ಹಿಡಿದು ಹುಬ್ಬಳ್ಳಿಗೂ, 1898ರ ಆಗಸ್ಟಿನಲ್ಲಿ ಬೆಂಗಳೂರಿಗೂ ಬಂದಿತು. ಮನೆಯಲ್ಲಿ ಇಲಿ ಬಿತ್ತೆಂದರೆ ಊರು ಬಿಡಬೇಕು. ಬಯಲಿನಲ್ಲಿ ಗುಡಿಸಲು ಹಾಕಬೇಕು. ರೋಗಿಯನ್ನು ಬೇರ್ಪಡಿಸಿ ಶಿಬಿರಕ್ಕೆ ಒಯ್ಯುವರೆಂಬ ಅಂಜಿಕೆಯಿಂದ ಎಷ್ಟೋ ಮನೆಗಳಲ್ಲಿ ಜ್ವರವನ್ನೇ ಮುಚ್ಚಿಟ್ಟರು. ಆಗ ಸಂಸಾರವೊಂದಕ್ಕೆ ತಗಲುತ್ತಿದ್ದ ವೆಚ್ಚದಲ್ಲಿ ಔಷಧದ ಪಾಲು ಅಲ್ಪ. ಬಿದಿರು, ಹುಲ್ಲು, ಗಾಡಿಯ ಬಾಡಿಗೆ, ನಿಂತುಹೋದ ವ್ಯಾಪಾರ, ಇವೇ ದೊಡ್ಡವು. ಸರ್ಕಾರದ ವೆಚ್ಚದಿಂದಲಾದರೋ ಉಳಿಯುವಂಥವು ಕೆಲವು ಹುಟ್ಟಿದವು. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳು ಆ ಕಾಲದ ಬಡಾವಣೆಗಳೇ.

1918ರ ಇನ್‌ಫ್ಲುಯೆಂಜಾ ಬಂದಾಗ ಅದಕ್ಕೆ ಮದ್ದೇ ಇರಲಿಲ್ಲ. ಗಂಜಿ ಕಾಯಿಸಿ ಕೊಡುವ ಕೈಯೊಂದು ಮನೆಯಲ್ಲಿ ಉಳಿದಿದ್ದರೆ ಅದೇ ವೈದ್ಯ. ಆಸ್ಪತ್ರೆಯ ಮಾತು ಬಹುಮಂದಿಗೆ ದೂರದ್ದಾಗಿತ್ತು.

ನೂರೆರಡು ವರ್ಷಗಳ ಮೇಲೆ ಕೋವಿಡ್ ಬಂದಾಗ ಆಸ್ಪತ್ರೆ ಹತ್ತಿರವೇ ಇದ್ದಿತು, ದಾರಿ ಮುಚ್ಚಿತ್ತು. 2020ರ ಮಾರ್ಚ್ 25ರಂದು ದೇಶದಾದ್ಯಂತ ಲಾಕ್‌ಡೌನ್ ಜಾರಿಗೆ ಬಂದಿತು. ಶಿವಮೊಗ್ಗ ಜಿಲ್ಲೆಯಲ್ಲಿಯೋ ಮೇ 10ರವರೆಗೆ ಈ ರೋಗದವರೊಬ್ಬರೂ ಗೊತ್ತಾಗಿರಲಿಲ್ಲ. ಅಂದು ಅಹಮದಾಬಾದಿನಿಂದ ಹಿಂದಿರುಗಿದ ಎಂಟು ಮಂದಿಯಲ್ಲಿ ಅದು ಕಂಡಿತು. ಎಂದರೆ, ರೋಗ ಬರುವುದಕ್ಕೆ ಆರು ವಾರಗಳ ಮುಂಚೆಯೇ ರೋಗದ ಪರಿಣಾಮ ಬಂದು ಕುಳಿತಿತ್ತು. ಬಸ್ಸುಗಳಿಲ್ಲ. ಜಿಲ್ಲೆಯ ಗಡಿ ದಾಟಲು ಪಾಸು ಬೇಕು. ಖಾಸಗಿ ಚಿಕಿತ್ಸಾಲಯಗಳಲ್ಲಿ ಅನೇಕವು ಬಾಗಿಲು ಹಾಕಿದ್ದವು. ಬಡವರಿಗೆ ಆಸರೆಯಾದ ಮೆಗ್ಗಾನ್ ಆಸ್ಪತ್ರೆಯನ್ನು ಕೋವಿಡ್ ಚಿಕಿತ್ಸೆಗೆ ಗೊತ್ತುಮಾಡಲಾಯಿತು. ತುರ್ತು ಚಿಕಿತ್ಸೆಗೆ ಹೋಗುವವರನ್ನು ತಡೆಯಬಾರದೆಂಬ ನಿಯಮವೇನೋ ಇದ್ದಿತು. ಆದರೆ ಸಕ್ಕರೆ ಕಾಯಿಲೆಯೂ ರಕ್ತದ ಒತ್ತಡವೂ ತುರ್ತೆಂದು ತೋರುವುದು ಯಾವಾಗ? ಕೈ ಮೀರಿದ ಮೇಲೆ.

ಇದೇ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಯೂ ಬೇಸಗೆಯದೇ ಎಂಬುದನ್ನು ಇಲ್ಲಿ ನೆನೆಯಬೇಕು. ಮಲೆನಾಡಿನವನಿಗೆ ಆ ತಿಂಗಳುಗಳಲ್ಲಿ ಮೈ ಬಿಸಿಯಾದರೆ ಅಂಜಲು ಕಾರಣಗಳು ಎರಡಾಗಿದ್ದವು.

ಆ ದಿನಗಳಲ್ಲಿ ಔಷಧೋಪಚಾರಕ್ಕೆ ಮನೆಯ ವೆಚ್ಚ ಇಳಿದಿದ್ದರೆ ಅದನ್ನು ಉಳಿತಾಯವೆನ್ನಲಾಗದು. ಸಾಲವನ್ನು ಮುಂದೂಡಿದಂತೆಯೇ ಅದು. ಕ್ಷಯರೋಗದ ಲೆಕ್ಕ ಇದನ್ನು ಸ್ಪಷ್ಟಪಡಿಸುತ್ತದೆ. 2019ರಲ್ಲಿ ಭಾರತದಲ್ಲಿ ಸುಮಾರು 24 ಲಕ್ಷ ಕ್ಷಯರೋಗಿಗಳ ಹೆಸರು ದಾಖಲಾಗಿತ್ತು. 2020ರಲ್ಲಿ ಸುಮಾರು 18 ಲಕ್ಷ ಮಾತ್ರ. ಆರು ಲಕ್ಷ ಮಂದಿ ಒಂದೇ ವರ್ಷದಲ್ಲಿ ಗುಣಹೊಂದಿದರೆಂದು ನಂಬುವವರು ಯಾರು? ಅವರು ಕೆಮ್ಮುತ್ತ ಮನೆಯಲ್ಲಿದ್ದರು.

ಇನ್ನು ಬಂದವರ ವೆಚ್ಚ. 2020ರ ಜೂನ್ ತಿಂಗಳಲ್ಲಿ ಕರ್ನಾಟಕ ಸರ್ಕಾರವು ಖಾಸಗಿ ಆಸ್ಪತ್ರೆಗಳ ಕೋವಿಡ್ ಚಿಕಿತ್ಸೆಗೆ ಮಿತಿಯನ್ನು ವಿಧಿಸಿತು. ಸರ್ಕಾರವೇ ಕಳುಹಿಸಿದ ರೋಗಿಗೆ ದಿನಕ್ಕೆ ಸಾಮಾನ್ಯ ವಾರ್ಡಿನಲ್ಲಿ 5,200 ರೂಪಾಯಿ, ವೆಂಟಿಲೇಟರಿನೊಡನೆ ತೀವ್ರನಿಗಾ ಘಟಕದಲ್ಲಿ 10,000. ತಾನಾಗಿ ಬಂದು ಸ್ವಂತ ಹಣ ತೆರುವವನಿಗೆ ಇವೇ 10,000 ಮತ್ತು 25,000. ಆ ವರ್ಷ ಉದ್ಯೋಗ ಖಾತರಿಯ ದಿನಗೂಲಿ ನಮ್ಮ ರಾಜ್ಯದಲ್ಲಿ 275 ರೂಪಾಯಿ. ಸವಳಂಗದ ಕಡೆಯ ಕೂಲಿಗಾರನೊಬ್ಬನು ತೊಂಬತ್ತು ದಿನ ದುಡಿದುದು ವೆಂಟಿಲೇಟರಿನ ಒಂದು ದಿನಕ್ಕೆ ಸಾಲದು. ಮಿತಿ ವಿಧಿಸಿದುದು ತಪ್ಪೆಂದು ನಾನು ಹೇಳುತ್ತಿಲ್ಲ. ಇಲ್ಲದಿದ್ದರೆ ಇನ್ನೂ ಏರುತ್ತಿತ್ತು. ಮಿತಿಯೇ ಇಷ್ಟೆತ್ತರದಲ್ಲಿದ್ದಿತೆಂಬುದನ್ನು ಮಾತ್ರ ಗಮನಿಸಬೇಕು.

ದೇಶದ ಆರೋಗ್ಯ ಲೆಕ್ಕಪತ್ರಗಳು ಬೇರೊಂದು ಚಿತ್ರವನ್ನು ಕೊಡುತ್ತವೆ. 2019-20ರಲ್ಲಿ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರು ನೇರವಾಗಿ ಕೈಯಿಂದ ತೆತ್ತುದು ನೂರಕ್ಕೆ 47.1, 2021-22ರಲ್ಲಿ 39.4. ಸರ್ಕಾರದ ವೆಚ್ಚವು ರಾಷ್ಟ್ರೀಯ ಉತ್ಪನ್ನದ ಶೇಕಡ 1.35ರಿಂದ 1.84ಕ್ಕೆ ಏರಿತು. ಇದು ಸಂತೋಷದ ಸಂಗತಿಯೇ. ಆದರೆ ಅದೇ ಪತ್ರಗಳ ಇನ್ನೊಂದು ಸಾಲನ್ನು ಓದಿದರೆ, ತಲೆಯೊಂದಕ್ಕೆ ಕೈಯಿಂದ ಹೋದ ಹಣ 2,289 ರೂಪಾಯಿಯಿಂದ 2,600ಕ್ಕೆ ಏರಿದುದು ಕಾಣುತ್ತದೆ. ಪಾಲು ಇಳಿಯಿತು, ಹಣ ಇಳಿಯಲಿಲ್ಲ. ಅಡವಿಟ್ಟ ಒಡವೆಗೂ ಮಾರಿದ ಎತ್ತಿಗೂ ಆ ಪತ್ರಗಳಲ್ಲಿ ಅಂಕಣವಿಲ್ಲ.

ಸವಳಂಗ ರಸ್ತೆಗೆ ಬಸ್ಸುಗಳು ಮರಳಿವೆ, ಚೀಲಗಳೂ ಮರಳಿವೆ. ಡಾಕ್ಟರರು ಮೇಜಿನ ಮೇಲೆ ಚೀಟಿಗಳನ್ನು ತಾರೀಖಿನಂತೆ ಜೋಡಿಸಿದರೆ, ಎಷ್ಟೋ ಚೀಲಗಳಲ್ಲಿ 2020ರ ಬೇಸಗೆಯ ಚೀಟಿ ಇರುವುದಿಲ್ಲ.