ಸ್ಪೋರ್ಟ್ಸ್ ಕಾರಿನ ದಿನಬಳಕೆಯ ಟೈರುಗಳು

ಸ್ಪೋರ್ಟ್ಸ್ ಕಾರಿನ ದಿನಬಳಕೆಯ ಟೈರುಗಳು ಎಂದರೆ ವೇಗ ಮತ್ತು ಚುರುಕಿನ ಚಾಲನೆಗಾಗಿ ನಿರ್ಮಿತವಾದ ಕಾರನ್ನು ಸ್ಪರ್ಧಾಪಥದ ಹೊರಗೆ, ಮಳೆ ಬಿಸಿಲುಗಳೆನ್ನದೆ ಸಾಮಾನ್ಯ ರಸ್ತೆಗಳಲ್ಲಿ ಓಡಿಸಲು ಅಳವಡಿಸುವ ಟೈರುಗಳು. ಇಂತಹ ಕಾರುಗಳಿಗೆ ಕಾರ್ಖಾನೆಯಲ್ಲಿ ಹಾಕಿ ಕೊಡುವ ಟೈರುಗಳು ಬಹುಮಟ್ಟಿಗೆ ದುಬಾರಿಯಾದವು ಮತ್ತು ಬೇಗ ಸವೆಯುವಂಥವು. ಅವು ಸವೆದ ಮೇಲೆ ಕಡಿಮೆ ಬೆಲೆಯವನ್ನು ಹಾಕಿಸಬಹುದೇ ಎಂಬ ಪ್ರಶ್ನೆ ಹೆಚ್ಚಿನ ಮಾಲೀಕರಿಗೆ ಎದುರಾಗುತ್ತದೆ. ಭಾರ ಹೊರುವ ಶಕ್ತಿ, ವೇಗದ ದರ್ಜೆ ಮತ್ತು ಒದ್ದೆ ರಸ್ತೆಯಲ್ಲಿನ ಹಿಡಿತ, ಈ ಮೂರರಲ್ಲಿ ರಾಜಿ ಸಲ್ಲದು. ಒಣ ರಸ್ತೆಯಲ್ಲಿ ಸ್ಪರ್ಧಿಗಳಿಗೆ ಮಾತ್ರ ಬೇಕಾಗುವ ಕೊನೆಯ ಅಂಶದ ಹಿಡಿತ, ಹೆಸರಾಂತ ಮುದ್ರೆ, ಅನಗತ್ಯ ಅಗಲ ಇವುಗಳನ್ನು ಬಿಟ್ಟುಕೊಟ್ಟರೆ ಹಣ ಉಳಿಯುತ್ತದೆ, ಅಪಾಯ ಹೆಚ್ಚುವುದಿಲ್ಲ.

ಹಿನ್ನೆಲೆ

ಕಾರು ಎಷ್ಟೇ ಬಲಶಾಲಿಯಾಗಿದ್ದರೂ ನೆಲಕ್ಕೂ ಅದಕ್ಕೂ ಇರುವ ಸಂಬಂಧ ನಾಲ್ಕು ಟೈರುಗಳ ತಳಭಾಗದ ಮೂಲಕವೇ. ಒಂದೊಂದು ಟೈರು ಯಾವುದೇ ಕ್ಷಣದಲ್ಲಿ ನೆಲವನ್ನು ಮುಟ್ಟುವ ಜಾಗ ಹೆಚ್ಚುಕಡಿಮೆ ಒಂದು ಅಂಗೈಯಷ್ಟು. ಎಂಜಿನ್ನಿನ ಶಕ್ತಿ, ಬ್ರೇಕಿನ ಬಲ, ತಿರುವಿನ ಸೆಳೆತ ಎಲ್ಲವೂ ಈ ನಾಲ್ಕು ಅಂಗೈಗಳ ಮೂಲಕವೇ ಹಾದುಹೋಗಬೇಕು.

ರಬ್ಬರು ಮೃದುವಾದಷ್ಟೂ ರಸ್ತೆಯ ಸೂಕ್ಷ್ಮ ಉಬ್ಬುತಗ್ಗುಗಳನ್ನು ಚೆನ್ನಾಗಿ ಅಪ್ಪಿಕೊಳ್ಳುತ್ತದೆ, ಹಿಡಿತ ಹೆಚ್ಚುತ್ತದೆ, ಆದರೆ ಸವೆತವೂ ಹೆಚ್ಚುತ್ತದೆ. ಗಡಸಾದಷ್ಟೂ ಬಾಳಿಕೆ ಹೆಚ್ಚಿ ಹಿಡಿತ ತಗ್ಗುತ್ತದೆ. ಈ ಹಗ್ಗಜಗ್ಗಾಟವನ್ನು ಸ್ವಲ್ಪಮಟ್ಟಿಗೆ ಸಡಿಲಿಸಿದ್ದು ರಬ್ಬರಿನ ಮಿಶ್ರಣಕ್ಕೆ ಸಿಲಿಕಾ ಸೇರಿಸುವ ವಿಧಾನ. ಫ್ರಾನ್ಸಿನ ಮಿಶೆಲಿನ್ ಸಂಸ್ಥೆ 1992ರಲ್ಲಿ ಸಿಲಿಕಾ ಬಳಸಿದ ಟೈರುಗಳನ್ನು ಮಾರುಕಟ್ಟೆಗೆ ತಂದಿತು. ಉರುಳುವಾಗಿನ ತಡೆ ಕಡಿಮೆಯಾಗಿ, ಒದ್ದೆ ರಸ್ತೆಯ ಹಿಡಿತವೂ ಉಳಿದದ್ದು ಇದರ ವಿಶೇಷ. ಇಂದು ಮಧ್ಯಮ ಬೆಲೆಯ ಟೈರುಗಳಲ್ಲೂ ಸಿಲಿಕಾ ಇರುತ್ತದೆ. ಮೂವತ್ತು ವರ್ಷಗಳ ಹಿಂದಿನ ಅಗ್ಗದ ಟೈರಿನ ಅನುಭವದಿಂದ ಇಂದಿನ ಟೈರನ್ನು ಅಳೆಯಬಾರದು.

ಸಾಧಾರಣ ಟೈರಿನ ಸ್ಪೋರ್ಟ್ಸ್ ಕಾರು

ಸ್ಪೋರ್ಟ್ಸ್ ಕಾರಿಗೆ ಅತಿ ಹೆಚ್ಚು ಹಿಡಿತದ ಟೈರೇ ಬೇಕೆಂಬ ನಂಬಿಕೆಗೆ ಪ್ರಸಿದ್ಧ ಅಪವಾದವೊಂದಿದೆ. 2012ರಲ್ಲಿ ಮಾರುಕಟ್ಟೆಗೆ ಬಂದ ಟೊಯೋಟಾ ಜಿಟಿ86 ಕಾರಿಗೆ 17 ಇಂಚಿನ ಗಾಲಿಗಳಲ್ಲಿ ಹಾಕಲಾದ ಮಿಶೆಲಿನ್ ಪ್ರೈಮಸಿ ಎಚ್‌ಪಿ ಟೈರುಗಳು ಅದೇ ಕಂಪನಿಯ ಮಿತವ್ಯಯದ ಹೈಬ್ರಿಡ್ ಕಾರು ಪ್ರಿಯಸ್‌ನ ಕೆಲವು ಮಾದರಿಗಳಿಗೂ ಸಿಗುತ್ತಿದ್ದಂಥವು. ಇದು ಜಿಪುಣತನವೆಂದು ಹಲವರು ಗೇಲಿ ಮಾಡಿದರು. ಆದರೆ ತೆತ್ಸುಯಾ ತಾದಾ ಅವರ ಮುಖ್ಯ ಎಂಜಿನಿಯರಿಕೆಯಲ್ಲಿ ರೂಪುಗೊಂಡ ಆ ಕಾರಿನಲ್ಲಿ ಇದು ಬೇಕೆಂದೇ ಮಾಡಿದ ಆಯ್ಕೆ. ಹಿಡಿತದ ಮಿತಿ ಸಾಧಾರಣವಾಗಿದ್ದರೆ ಕಾರಿನ ಸಮತೋಲವು ಕಡಿಮೆ ವೇಗದಲ್ಲೇ ಚಾಲಕನ ಅನುಭವಕ್ಕೆ ಬರುತ್ತದೆ ಮತ್ತು ಟೈರು ಜಾರುವ ಮೊದಲು ಸೂಚನೆ ಕೊಡುತ್ತದೆ ಎಂಬುದು ಅದರ ಹಿಂದಿನ ವಿಚಾರ. ಅನಂತರ ಬಂದ ಜಿಆರ್86 ಮಾದರಿಯಲ್ಲೂ 17 ಇಂಚಿನ ಗಾಲಿಗೆ ಪ್ರೈಮಸಿಯನ್ನೇ ಉಳಿಸಿಕೊಂಡು, ಮೇಲಿನ ದರ್ಜೆಯ 18 ಇಂಚಿನ ಗಾಲಿಗೆ ಪೈಲಟ್ ಸ್ಪೋರ್ಟ್ 4 ಟೈರನ್ನು ಕೊಡಲಾಯಿತು.

ಎಲ್ಲ ಕಾರುಗಳಿಗೂ ಈ ವಾದ ಅನ್ವಯಿಸದು. ಹಗುರವಾದ, ಮಿತ ಶಕ್ತಿಯ ಕಾರಿಗೆ ಒಪ್ಪುವುದು ನಾಲ್ಕುನೂರು ಅಶ್ವಶಕ್ತಿಯ ಕಾರಿಗೆ ಒಪ್ಪಲಾರದು. ಆದರೂ ದಿನವೂ ಸಂಚಾರದ ದಟ್ಟಣೆಯಲ್ಲಿ ಓಡುವ ಕಾರಿಗೆ ಸ್ಪರ್ಧಾಪಥದ ಟೈರು ಹಾಕಿಸುವುದು ಓಟಗಾರನ ಮುಳ್ಳುಬೂಟು ತೊಟ್ಟು ಸಂತೆಗೆ ಹೊರಟಂತೆಯೇ ಸರಿ. ಅಂತಹ ಟೈರಿನ ರಬ್ಬರು ಬಿಸಿಯೇರಿದ ಮೇಲಷ್ಟೇ ತನ್ನ ಪೂರ್ಣ ಗುಣ ತೋರುತ್ತದೆ. ಊರೊಳಗಿನ ಓಡಾಟದಲ್ಲಿ ಅಷ್ಟು ಬಿಸಿ ಏರುವುದೇ ಇಲ್ಲ.

ಪಕ್ಕದ ಬರಹವನ್ನು ಓದುವುದು

ಟೈರಿನ ಪಕ್ಕದ ಗೋಡೆಯ ಮೇಲೆ ಅಚ್ಚಾಗಿರುವ ಬರಹದಲ್ಲಿ ಆಯ್ಕೆಗೆ ಬೇಕಾದ ಹೆಚ್ಚಿನ ವಿಷಯ ಅಡಕವಾಗಿದೆ. ಮೇಲೆ ಹೇಳಿದ ಕಾರಿನ 17 ಇಂಚಿನ ಟೈರಿನ ಅಳತೆ 215/45 ಆರ್17 87ಡಬ್ಲ್ಯು. ಇದರಲ್ಲಿ 215 ಎಂಬುದು ಮಿಲಿಮೀಟರುಗಳಲ್ಲಿ ಅಗಲ. 45 ಎಂದರೆ ಪಕ್ಕದ ಗೋಡೆಯ ಎತ್ತರ ಅಗಲದ ಶೇ. 45ರಷ್ಟು, ಅಂದರೆ ಸುಮಾರು 97 ಮಿ.ಮೀ. ಆರ್ ಎಂಬುದು ರೇಡಿಯಲ್ ರಚನೆಯ ಸೂಚನೆ, 17 ಎಂಬುದು ಇಂಚುಗಳಲ್ಲಿ ರಿಮ್ಮಿನ ವ್ಯಾಸ. 87 ಎಂಬುದು ಭಾರಸೂಚ್ಯಂಕ. ಒಂದು ಟೈರು 545 ಕಿ.ಗ್ರಾಂ. ಹೊರಬಲ್ಲದು ಎಂದರ್ಥ. ಕೊನೆಯ ಅಕ್ಷರ ವೇಗದ ದರ್ಜೆ. ಎಚ್ ಎಂದರೆ ಗಂಟೆಗೆ 210, ವಿ ಎಂದರೆ 240, ಡಬ್ಲ್ಯು ಎಂದರೆ 270, ವೈ ಎಂದರೆ 300 ಕಿ.ಮೀ.

ಆ ವೇಗದಲ್ಲಿ ನಾವೆಂದೂ ಹೋಗುವುದಿಲ್ಲವಲ್ಲ, ಕೆಳಗಿನ ದರ್ಜೆಯ ಅಗ್ಗದ ಟೈರು ಸಾಕಲ್ಲವೇ ಎಂದು ಕೇಳುವುದು ಸಹಜ. ವೇಗದ ದರ್ಜೆಯು ಟೈರು ತಾಳಿಕೊಳ್ಳುವ ಶಾಖದ ಅಳತೆಯೂ ಹೌದು. ಹೆಚ್ಚಿನ ದರ್ಜೆಯ ಟೈರುಗಳ ಒಳರಚನೆ ಸಾಮಾನ್ಯವಾಗಿ ಹೆಚ್ಚು ಬಿಗಿಯಾಗಿರುತ್ತದೆ, ಕಾರಿನ ತಿರುಗುವಿಕೆಯನ್ನು ಆ ಬಿಗಿಗೆ ಹೊಂದಿಸಿಯೇ ರೂಪಿಸಿರುತ್ತಾರೆ. ಆದುದರಿಂದ ಕೈಪಿಡಿಯಲ್ಲಿ ಹೇಳಿದ ದರ್ಜೆಗಿಂತ ಕೆಳಗಿಳಿಯಬಾರದು. ಚಳಿಗಾಲದ ಟೈರುಗಳಿಗೆ ಮಾತ್ರ ಜರ್ಮನಿಯಂತಹ ದೇಶಗಳಲ್ಲಿ ವಿನಾಯಿತಿಯಿದೆ; ಅಲ್ಲಿ ಕೆಳದರ್ಜೆಯ ಟೈರು ಹಾಕಿದರೆ ಅದರ ಗರಿಷ್ಠ ವೇಗವನ್ನು ಬರೆದ ಚೀಟಿಯನ್ನು ಚಾಲಕನ ಕಣ್ಣಿಗೆ ಬೀಳುವಂತೆ ಅಂಟಿಸಿರಬೇಕು.

ಸವೆತದ ಅಂಕಿ ಮತ್ತು ಒದ್ದೆಯ ದರ್ಜೆ

ಅಮೆರಿಕದಲ್ಲಿ ಮಾರುವ ಕಾರು ಟೈರುಗಳ ಮೇಲೆ ಯು.ಟಿ.ಕ್ಯು.ಜಿ. ಎಂಬ ಸರಕಾರಿ ಪದ್ಧತಿಯ ದರ್ಜೆಗಳಿರುತ್ತವೆ. ಇದರಲ್ಲಿ ಸವೆತದ ಅಂಕಿಗಾಗಿ ಟೆಕ್ಸಾಸ್‌ನ ರಸ್ತೆಗಳಲ್ಲಿ ಟೈರನ್ನು 7,200 ಮೈಲಿ, ಅಂದರೆ ಸುಮಾರು 11,600 ಕಿ.ಮೀ. ಓಡಿಸಿ, 100 ಎಂಬ ಅಂಕಿಯ ಆಧಾರ ಟೈರಿನೊಡನೆ ಹೋಲಿಸಲಾಗುತ್ತದೆ. ರಸ್ತೆಗೂ ಸ್ಪರ್ಧಾಪಥಕ್ಕೂ ಆಗುವ ಮೃದು ಟೈರುಗಳ ಅಂಕಿ ಸಾಮಾನ್ಯವಾಗಿ 200ರ ಆಸುಪಾಸಿನಲ್ಲಿರುತ್ತದೆ. ಬೇಸಿಗೆಯ ಉನ್ನತ ದರ್ಜೆಯ ರಸ್ತೆ ಟೈರುಗಳದು 300ರ ಸುತ್ತಮುತ್ತ, ದೂರಪ್ರಯಾಣದ ಟೈರುಗಳದು 400ರಿಂದ ಮೇಲೆ. ಆದರೆ ಅಂಕಿ ಕೊಡುವವರು ತಯಾರಕರೇ ಆದುದರಿಂದ ಒಬ್ಬರ 300ಕ್ಕೂ ಇನ್ನೊಬ್ಬರ 300ಕ್ಕೂ ತಾಳೆಯಾಗಬೇಕೆಂದಿಲ್ಲ. ಒಂದೇ ತಯಾರಕರ ಎರಡು ಟೈರುಗಳನ್ನು ಹೋಲಿಸಲು ಈ ಅಂಕಿ ಹೆಚ್ಚು ಉಪಯುಕ್ತ. ಅದೇ ಪದ್ಧತಿಯ ಹಿಡಿತದ ದರ್ಜೆ ನೇರ ರಸ್ತೆಯಲ್ಲಿ ಒದ್ದೆ ನೆಲದ ಮೇಲಿನ ಬ್ರೇಕನ್ನಷ್ಟೇ ಅಳೆಯುತ್ತದೆ, ತಿರುವನ್ನಲ್ಲ.

ಯುರೋಪಿನ ಒಕ್ಕೂಟದಲ್ಲಿ 2012ರ ನವೆಂಬರಿನಿಂದ ಟೈರುಗಳಿಗೆ ಗುಣಪಟ್ಟಿ ಕಡ್ಡಾಯವಾಯಿತು. 2021ರ ಮೇ 1ರಿಂದ ಪರಿಷ್ಕೃತ ಪಟ್ಟಿ ಜಾರಿಯಲ್ಲಿದೆ. ಇಂಧನ ಮಿತವ್ಯಯ ಮತ್ತು ಒದ್ದೆ ಹಿಡಿತಗಳಿಗೆ ಎ ಯಿಂದ ಇ ವರೆಗಿನ ದರ್ಜೆಗಳೂ, ಹೊರಗೆ ಕೇಳುವ ಸದ್ದಿನ ಅಳತೆಯೂ ಇದರಲ್ಲಿರುತ್ತವೆ. ಅಗ್ಗದ ಟೈರು ಆರಿಸುವವರು ಮೊದಲು ನೋಡಬೇಕಾದದ್ದು ಒದ್ದೆ ಹಿಡಿತದ ದರ್ಜೆಯನ್ನೇ. ಹಳೆಯ ಪಟ್ಟಿಯ ಪ್ರಕಾರ, ಗಂಟೆಗೆ 80 ಕಿ.ಮೀ. ವೇಗದಲ್ಲಿರುವ ಕಾರು ಪೂರ್ಣ ಬ್ರೇಕು ಹಾಕಿ ನಿಲ್ಲಲು ಬೇಕಾಗುವ ದೂರದಲ್ಲಿ ಎ ದರ್ಜೆಗೂ ಎಫ್ ದರ್ಜೆಗೂ 18 ಮೀಟರುಗಳವರೆಗೆ ವ್ಯತ್ಯಾಸವಾಗಬಹುದು. ಹದಿನೆಂಟು ಮೀಟರ್ ಎಂದರೆ ಸಾಲಾಗಿ ನಿಂತ ನಾಲ್ಕು ಕಾರುಗಳ ಉದ್ದ. ಮೊದಲ ಕಾರು ನಿಂತ ಜಾಗವನ್ನು ಎರಡನೆಯದು ಇನ್ನೂ ಗಣನೀಯ ವೇಗದಲ್ಲಿ ದಾಟಿಹೋಗುತ್ತಿರುತ್ತದೆ. ಈ ಪಟ್ಟಿಯಲ್ಲಿ ಬಾಳಿಕೆಯ ವಿವರವಿಲ್ಲ.

ಅಳತೆ ಮತ್ತು ಬೆಲೆ

ಬೆಲೆಯನ್ನು ನಿರ್ಧರಿಸುವುದು ಗುಣವೊಂದೇ ಅಲ್ಲ, ಆ ಅಳತೆಯ ಟೈರು ಎಷ್ಟು ಮಂದಿಗೆ ಬೇಕಾಗಿದೆ ಎಂಬುದೂ ಮುಖ್ಯ. 1989ರಲ್ಲಿ ಬಂದ ಮಜ್ದಾ ಎಂಎಕ್ಸ್-5 ಎಂಬ ಪುಟ್ಟ ತೆರೆದ ಕಾರಿನ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ಅದರ ಮೊದಲ ತಲೆಮಾರಿನ 185/60 ಆರ್14 ಟೈರು ಅಂದು ಸಾಧಾರಣ ಕಾರುಗಳ ಅಳತೆಯೇ ಆಗಿದ್ದು ಸುಲಭವಾಗಿ ದೊರೆಯುತ್ತಿತ್ತು. ಕಾರುಗಳ ಗಾಲಿಗಳು ದೊಡ್ಡದಾಗುತ್ತ ಬಂದಂತೆ 14 ಇಂಚಿನಲ್ಲಿ ಉತ್ತಮ ಟೈರುಗಳ ಆಯ್ಕೆ ಕುಗ್ಗಿತು. ನಾಲ್ಕನೆಯ ತಲೆಮಾರಿನ 195/50 ಆರ್16 ಅಳತೆಯಂತೂ ಇತರ ಕಾರುಗಳಲ್ಲಿ ಅಪರೂಪ. ಅದೇ ಕಾರಿನ ದೊಡ್ಡ ಗಾಲಿಯ 205/45 ಆರ್17 ಅಳತೆಯಲ್ಲಿ ಆಯ್ಕೆ ಹೆಚ್ಚು. ಚಿಕ್ಕ ಗಾಲಿ ಎಂದ ಮಾತ್ರಕ್ಕೆ ಅಗ್ಗ ಎಂದು ತಿಳಿಯುವಂತಿಲ್ಲ.

ಹೆಚ್ಚು ಅಗಲದ ಟೈರು ಹಾಕಿಸುವ ಹವ್ಯಾಸ ಹಣಕ್ಕೂ ಮಳೆಗೂ ಪ್ರತಿಕೂಲ. ನಿಂತ ನೀರಿನ ಮೇಲೆ ವೇಗವಾಗಿ ಹೋದಾಗ ಟೈರು ನೀರನ್ನು ಪಕ್ಕಕ್ಕೆ ತಳ್ಳಲಾರದೆ ಅದರ ಮೇಲೆ ತೇಲಿದರೆ ಸ್ಟಿಯರಿಂಗಾಗಲಿ ಬ್ರೇಕಾಗಲಿ ಕೆಲಸ ಮಾಡುವುದಿಲ್ಲ. ಇದಕ್ಕೆ ಆಕ್ವಾಪ್ಲೇನಿಂಗ್ ಎಂದು ಹೆಸರು. ಟೈರು ಅಗಲವಾದಷ್ಟೂ, ಕಾರು ಹಗುರವಾದಷ್ಟೂ, ಟ್ರೆಡ್ಡಿನ ಗೀರುಗಳು ಸವೆದಷ್ಟೂ ಇದು ಕಡಿಮೆ ವೇಗದಲ್ಲೇ ಸಂಭವಿಸುತ್ತದೆ. ಹೊಸ ಟೈರಿನ ಗೀರುಗಳ ಆಳ ಸುಮಾರು 7ರಿಂದ 8 ಮಿ.ಮೀ. ಕಾನೂನಿನ ಕನಿಷ್ಠ ಮಿತಿ ಯುರೋಪಿನಲ್ಲಿಯೂ ಭಾರತದಲ್ಲಿಯೂ 1.6 ಮಿ.ಮೀ. ಅಗಲ ಟೈರಿನ ಹಗುರ ಕಾರಿನಲ್ಲಿ ಮಳೆಗಾಲಕ್ಕೆ 3 ಮಿ.ಮೀ. ಇರುವಾಗಲೇ ಬದಲಿಸುವುದು ಲೇಸು.

ಬೆಲೆಯನ್ನು ಕಿಲೋಮೀಟರಿಗೆ ಹಂಚಿ ನೋಡಬೇಕು. ಒಂದು ಟೈರಿನ ಬೆಲೆ 10,000 ರೂಪಾಯಿಯಾಗಿ 40,000 ಕಿ.ಮೀ. ಬಾಳಿದರೆ ಕಿಲೋಮೀಟರಿಗೆ 25 ಪೈಸೆ. ಇನ್ನೊಂದು 7,000 ರೂಪಾಯಿಗೆ ಸಿಕ್ಕಿ 20,000 ಕಿ.ಮೀ. ಬಾಳಿದರೆ 35 ಪೈಸೆ. ಬಿಚ್ಚಿ ಹಾಕಿಸುವ ಕೂಲಿ, ಬ್ಯಾಲೆನ್ಸಿಂಗ್, ಅಲೈನ್‌ಮೆಂಟುಗಳ ಖರ್ಚು ಎರಡು ಸಲ. ದೊಡ್ಡ ತಯಾರಕರ ಎರಡನೆಯ ಸಾಲಿನ ಮುದ್ರೆಗಳು ಇಲ್ಲಿ ನೆರವಿಗೆ ಬರುತ್ತವೆ. ಫೈರ್‌ಸ್ಟೋನ್ 1988ರಿಂದ ಬ್ರಿಜ್‌ಸ್ಟೋನ್‌ಗೆ ಸೇರಿದೆ, ಕ್ಲೆಬರ್ ಮಿಶೆಲಿನ್‌ಗೆ ಸೇರಿದೆ, ಸೆಂಪರಿಟ್ ಮತ್ತು ಬಾರುಮ್ ಕಾಂಟಿನೆಂಟಲ್‌ಗೆ ಸೇರಿವೆ. ಇವು ಮೊದಲ ಸಾಲಿನವುಗಳಷ್ಟೇ ಉತ್ತಮವೆಂದೇನೂ ಅಲ್ಲ. ಹೆಸರೇ ಕೇಳದ ಟೈರಿಗಿಂತ ನಂಬಿಕೆಗೆ ಅರ್ಹ, ಅಷ್ಟೆ.

ಮುಂದಿನವು, ಹಿಂದಿನವು

ಹಲವು ಸ್ಪೋರ್ಟ್ಸ್ ಕಾರುಗಳಲ್ಲಿ ಹಿಂದಿನ ಟೈರು ಮುಂದಿನದಕ್ಕಿಂತ ಅಗಲ. ಪೋರ್ಷೆ 911 ಕಾರಿನ 992 ಪೀಳಿಗೆಯ ಕರೇರಾದಲ್ಲಿ ಮುಂದೆ 235 ಮಿ.ಮೀ. ಅಗಲದ 19 ಇಂಚಿನವೂ ಹಿಂದೆ 295 ಮಿ.ಮೀ. ಅಗಲದ 20 ಇಂಚಿನವೂ ಇವೆ. ಇವುಗಳನ್ನು ಹಿಂದುಮುಂದಾಗಿ ಬದಲಿಸಿ ಸವೆತವನ್ನು ಸರಿದೂಗಿಸಲಾಗದು. ನಾಲ್ಕೂ ಒಂದೇ ಅಳತೆಯವಾಗಿರುವ ಎಂಎಕ್ಸ್-5, ಜಿಟಿ86ಗಳಲ್ಲಿ ಅದು ಸಾಧ್ಯ. ಟೈರಿನ ಆಯುಷ್ಯವೂ ಹೆಚ್ಚುತ್ತದೆ. ಪೋರ್ಷೆ ತಾನು ಪರೀಕ್ಷಿಸಿ ಒಪ್ಪಿದ ಟೈರುಗಳಿಗೆ ಎನ್0, ಎನ್1 ಮುಂತಾದ ಗುರುತು ಹಾಕಿಸುತ್ತದೆ, ಬಿಎಂಡಬ್ಲ್ಯು ನಕ್ಷತ್ರದ ಗುರುತನ್ನು ಬಳಸುತ್ತದೆ. ಗುರುತಿನ ಟೈರುಗಳಿಗೆ ಬೆಲೆ ಹೆಚ್ಚಿರಬಹುದು, ಆದರೆ ಬಲಶಾಲಿ ಕಾರುಗಳಲ್ಲಿ ಆ ಹಣ ವ್ಯರ್ಥವಲ್ಲ.

ಹಣದ ಅಡಚಣೆಯಿಂದ ಎರಡೇ ಟೈರು ಕೊಳ್ಳಬೇಕಾದರೆ, ಅಳತೆ ಒಂದೇ ಆಗಿರುವ ಕಾರಿನಲ್ಲಿ ಹೊಸವನ್ನು ಹಿಂದಕ್ಕೆ ಹಾಕಿಸುವುದು ಸರ್ವಸಮ್ಮತ ಕ್ರಮ. ಮುಂದಿನವು ಜಾರಿದರೆ ಕಾರು ನೇರವಾಗಿ ಸಾಗುತ್ತದೆ, ಚಾಲಕ ವೇಗ ತಗ್ಗಿಸಿ ಸರಿಪಡಿಸಿಕೊಳ್ಳಬಹುದು. ಹಿಂದಿನವು ಜಾರಿದರೆ ಕಾರು ಬುಗುರಿಯಂತೆ ತಿರುಗುತ್ತದೆ. ಒಂದೇ ಅಚ್ಚಿನ ಎಡಬಲಗಳಲ್ಲಿ ಬೇರೆ ಬೇರೆ ಮಾದರಿಯ ಟೈರು ಸಲ್ಲದು.

ವಯಸ್ಸು ಮತ್ತು ಹವಾಮಾನ

ರಬ್ಬರು ಓಡದಿದ್ದರೂ ಮುಪ್ಪಾಗುತ್ತದೆ. ಟೈರಿನ ಪಕ್ಕದಲ್ಲಿ ಡಿಒಟಿ ಎಂಬ ಅಕ್ಷರಗಳಿಂದ ಶುರುವಾಗುವ ಸಂಕೇತದ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರವನ್ನೂ ವರ್ಷವನ್ನೂ ತಿಳಿಸುತ್ತವೆ. 2319 ಎಂದರೆ 2019ರ 23ನೆಯ ವಾರ. ಭಾರಿ ರಿಯಾಯಿತಿಯ ಟೈರು ಬಹುಕಾಲ ಗೋದಾಮಿನಲ್ಲಿದ್ದ ಸರಕಾಗಿರಬಹುದು, ಹಣ ಕೊಡುವ ಮೊದಲು ಈ ಅಂಕಿ ನೋಡಬೇಕು. ವಾರಾಂತ್ಯಕ್ಕಷ್ಟೇ ಹೊರಡುವ ಕಾರುಗಳಲ್ಲಿ ಗೀರುಗಳು ಆಳವಾಗಿದ್ದರೂ ರಬ್ಬರು ಗಡಸಾಗಿ ಹಿಡಿತ ಕಳೆದುಕೊಂಡಿರುವುದುಂಟು. ಹಲವು ಕಾರು ತಯಾರಕರು ಆರು ವರ್ಷಗಳ ನಂತರ ಬದಲಿಸಲು ಸೂಚಿಸುತ್ತಾರೆ. ಹತ್ತು ವರ್ಷ ಮೀರಿದ ಟೈರನ್ನು ಟೈರು ತಯಾರಕರೇ ಒಪ್ಪುವುದಿಲ್ಲ.

ಬೇಸಿಗೆಯ ಟೈರುಗಳು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಡಸಾಗುತ್ತವೆ. ಹಿಮ ಬೀಳುವ ನಾಡುಗಳಲ್ಲಿ ಚಳಿಗಾಲಕ್ಕೆ ಬೇರೆ ಜೊತೆ ಬೇಕು, ಇಲ್ಲವೇ ಸರ್ವಋತು ಟೈರು ಆಗಬೇಕು.

ಭಾರತದಲ್ಲಿ

ಭಾರತದಲ್ಲಿ ಮಾರುವ ಕಾರು ಟೈರುಗಳಿಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 15633 ಮಾನಕದ ಗುರುತು ಬೇಕು. 2020ರ ಜೂನ್‌ನಲ್ಲಿ ಕೇಂದ್ರ ಸರಕಾರ ಹೊಸ ಟೈರುಗಳ ಆಮದನ್ನು ನಿರ್ಬಂಧಿತ ವರ್ಗಕ್ಕೆ ಸೇರಿಸಿ ಪರವಾನಗಿ ಕಡ್ಡಾಯ ಮಾಡಿದ ಮೇಲೆ ಅಪರೂಪದ ಅಳತೆಗಳ ಟೈರು ಹುಡುಕುವುದು ಕಷ್ಟವಾಗಿದೆ. ಈ ಕಾರಣದಿಂದ ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳುವವರು ಅದರ ಟೈರಿನ ಅಳತೆ ದೇಶದಲ್ಲಿ ತಯಾರಾಗುತ್ತದೆಯೇ ಎಂದು ಮೊದಲೇ ವಿಚಾರಿಸುವುದು ಒಳಿತು. ಅಪೋಲೊ ಸಂಸ್ಥೆ 2009ರಲ್ಲಿ ನೆದರ್‌ಲ್ಯಾಂಡ್ಸ್‌ನ ವ್ರೆಡೆಸ್ಟೈನ್ ಕಂಪನಿಯನ್ನು ಕೊಂಡು, ಮುಂದೆ ಆ ಹೆಸರಿನ ಟೈರುಗಳನ್ನು ಭಾರತದಲ್ಲೂ ಮಾರತೊಡಗಿತು.

ಇಲ್ಲಿನ ರಸ್ತೆಗುಂಡಿಗಳಿಗೆ ತೆಳು ಗೋಡೆಯ ಟೈರು ಬೇಗ ಬಲಿಯಾಗುತ್ತದೆ. ಆದುದರಿಂದ ಒಂದು ಇಂಚು ಚಿಕ್ಕ ರಿಮ್ಮಿಗೆ ಇಳಿದು ಗೋಡೆಯ ಎತ್ತರ ಹೆಚ್ಚಿಸುವ ಪದ್ಧತಿಯಿದೆ. 215/45 ಆರ್17 ಟೈರಿನ ಒಟ್ಟು ವ್ಯಾಸ ಸುಮಾರು 625 ಮಿ.ಮೀ. 205/55 ಆರ್16 ಟೈರಿನದು ಸುಮಾರು 632 ಮಿ.ಮೀ., ಅಂದರೆ ಶೇ. 1ರಷ್ಟು ಹೆಚ್ಚು, ಆದುದರಿಂದ ವೇಗಮಾಪಕದ ಓದಿನಲ್ಲಿ ಗಮನಾರ್ಹ ವ್ಯತ್ಯಾಸವಾಗದು. ಗೋಡೆಯ ಎತ್ತರ ಮಾತ್ರ 97ರಿಂದ 113 ಮಿ.ಮೀ.ಗೆ ಏರುತ್ತದೆ. ಎರಡನೆಯದು ಸಾಮಾನ್ಯ ಕುಟುಂಬದ ಕಾರುಗಳ ಅಳತೆಯಾದುದರಿಂದ ಬೆಲೆಯೂ ಕಡಿಮೆ. ಚಿಕ್ಕ ರಿಮ್ಮು ಬ್ರೇಕಿನ ಕ್ಯಾಲಿಪರಿಗೆ ತಗಲುವುದಿಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಬೇಕು. ಗುಂಡಿಗೆ ಬಡಿದು ಗೋಡೆಯಲ್ಲಿ ಉಬ್ಬು ಕಾಣಿಸಿಕೊಂಡರೆ ಒಳಗಿನ ದಾರಗಳು ಹರಿದಿವೆ ಎಂದರ್ಥ. ಅಂತಹ ಟೈರಿಗೆ ಪಂಕ್ಚರ್ ಅಂಗಡಿಯಲ್ಲಿ ದುರಸ್ತಿಯಿಲ್ಲ. ಗೀರುಗಳು ಎಷ್ಟೇ ಆಳವಾಗಿದ್ದರೂ ಅದನ್ನು ತೆಗೆದುಹಾಕಲೇಬೇಕು.